ವಿಎಂ ಅನ್ನು ಬ್ಯಾಕಪ್‌ನಿಂದ ಇದ್ದ ಜಾಗಕ್ಕೇ ರಿಸ್ಟೋರ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಚುವಲ್ ಮಷಿನ್ (ವಿಎಂ), ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್, ಕೆಟ್ಟು ನಿಂತಾಗ ಎಲ್ಲರಿಗೂ ಅವಸರ. ಫೋನ್ ಮೇಲೆ ಫೋನ್ ಬರುತ್ತಿರುತ್ತದೆ, ಬ್ಯಾಕಪ್ ಇದೆ ಅನ್ನುವ ಧೈರ್ಯವೂ ಇರುತ್ತದೆ. ಕೈ ಸೀದಾ ರಿಸ್ಟೋರ್ ಬಟನ್ ಕಡೆಗೆ ಹೋಗುತ್ತದೆ. ಬೇರೆ ಜಾಗಕ್ಕೆ ರಿಸ್ಟೋರ್ ಮಾಡಿದರೆ ಇರುವ ವಿಎಂ ಪಕ್ಕದಲ್ಲಿ ಇನ್ನೊಂದು ವಿಎಂ ಬಂದು ಕೂರುತ್ತದೆ, ಅಷ್ಟೆ. ಇದ್ದ ಜಾಗಕ್ಕೇ ಮಾಡಿದರೆ ಈಗ ಇರುವುದು ಹೋಗಿ ಹಳೆಯದು ಬರುತ್ತದೆ. ಹೋದದ್ದರಲ್ಲಿ ಬೇಕಾದದ್ದು ಏನಾದರೂ ಇತ್ತು ಅಂತ ಆಮೇಲೆ ಗೊತ್ತಾದರೆ ಕಷ್ಟ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಬಟನ್ ಒತ್ತುವುದಕ್ಕೆ ಮುಂಚಿನ ಮಾತೇ ಜಾಸ್ತಿ ಇದೆ.

ಇದ್ದ ಜಾಗಕ್ಕೇ ರಿಸ್ಟೋರ್ ಅಂದರೆ ಏನೇನು ವಾಪಸ್ ಬರುತ್ತದೆ?

ವಿಎಂನ ಡಿಸ್ಕ್‌ಗಳು, ಅದರ ಕಾನ್ಫಿಗರೇಶನ್, ಅಂದರೆ ಎಷ್ಟು ಮೆಮೊರಿ, ಎಷ್ಟು ಸಿಪಿಯು, ಯಾವ ನೆಟ್‌ವರ್ಕ್ ಕಾರ್ಡ್, ಯಾವ ಮ್ಯಾಕ್ ವಿಳಾಸ (ಆ ಕಾರ್ಡ್‌ನ ಗುರುತು ಸಂಖ್ಯೆ), ಎಲ್ಲವೂ ಸಾಮಾನ್ಯವಾಗಿ ಬ್ಯಾಕಪ್ ತೆಗೆದ ಹೊತ್ತಿನಲ್ಲಿ ಹೇಗಿತ್ತೋ ಹಾಗೆ ಬರುತ್ತದೆ. ಅದೇ ಹೋಸ್ಟ್ (ವಿಎಂ ಓಡುವ ಯಂತ್ರ) ಅಥವಾ ಕ್ಲಸ್ಟರ್ (ಅಂಥ ಯಂತ್ರಗಳ ಗುಂಪು), ಅದೇ ಡೇಟಾಸ್ಟೋರ್ (ವಿಎಂ ಡಿಸ್ಕ್‌ಗಳಿರುವ ಜಾಗ), ಅದೇ ಹೆಸರು. ನೀವು ಏನನ್ನೂ ಹೊಸದಾಗಿ ಆರಿಸಬೇಕಾಗಿಲ್ಲ ಅನ್ನುವುದೇ ಇದರ ಅನುಕೂಲ.

ಒಂದು ವಿಷಯ ನೆನಪಿರಲಿ. ಬ್ಯಾಕಪ್ ಆದ ಮೇಲೆ ನೀವು ಮೆಮೊರಿ ಹೆಚ್ಚಿಸಿದ್ದರೆ, ಡಿಸ್ಕ್ ದೊಡ್ಡದು ಮಾಡಿದ್ದರೆ, ಬೇರೆ ವಿಎಲ್ಯಾನ್‌ಗೆ (ನೆಟ್‌ವರ್ಕ್‌ನ ಬೇರೆ ಭಾಗಕ್ಕೆ) ಹಾಕಿದ್ದರೆ ಅದೆಲ್ಲ ಹಳೆಯ ಲೆಕ್ಕಕ್ಕೇ ಹೋಗಬಹುದು. ಈಗಿನ ಸೆಟ್ಟಿಂಗ್ ಪುಟದ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ.

ಈಗ ಇರುವ ವಿಎಂ ಪೂರ್ತಿ ಹೋಗಿಬಿಡುತ್ತದಾ?

ಹೆಚ್ಚಿನ ಕಡೆ ಹೌದು. ಆದರೆ ಒಂದೊಂದು ಸಾಫ್ಟ್‌ವೇರ್‌ನದು ಒಂದೊಂದು ರೀತಿ. ನಿಮ್ಮದು ಯಾವ ರೀತಿ ಅಂತ ತಿಳಿದಿರಲೇಬೇಕು.

ವಿಎಂಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್ ಸಾಫ್ಟ್‌ವೇರ್‌ನಲ್ಲಿ ಒಂದು ವಿಎಂನ ಬ್ಯಾಕಪ್ ಪಟ್ಟಿಯಿಂದಲೇ ರಿಸ್ಟೋರ್ ಕೊಟ್ಟರೆ ಅದೇ ವಿಎಂ ಸಂಖ್ಯೆಯ ಮೇಲೆ ಬರೆಯುತ್ತದೆ. ಈಗಿನ ವಿಎಂನ ಡೇಟಾ ಶಾಶ್ವತವಾಗಿ ಅಳಿಸಿಹೋಗುತ್ತದೆ ಅಂತ ಎಚ್ಚರಿಕೆಯೂ ಬರುತ್ತದೆ. ಗಡಿಬಿಡಿಯಲ್ಲಿ ಅದನ್ನು ಓದದೆ ಎಸ್ ಒತ್ತುವವರೇ ಜಾಸ್ತಿ. ಆ ಎಚ್ಚರಿಕೆಯಲ್ಲಿರುವುದು ಅಕ್ಷರಶಃ ನಿಜ.

ಮೈಕ್ರೋಸಾಫ್ಟ್‌ನ ಬ್ಯಾಕಪ್ ಸಾಫ್ಟ್‌ವೇರ್ ಡಿಪಿಎಂನಲ್ಲಿ ಹೈಪರ್-ವಿ (ಅದೇ ಕಂಪನಿಯ ವಿಎಂ ವ್ಯವಸ್ಥೆ) ವಿಎಂ ಅನ್ನು ಮೂಲ ಜಾಗಕ್ಕೆ ತಂದರೆ ಮೊದಲಿನ ವಿಎಚ್‌ಡಿ (ಡಿಸ್ಕ್) ಫೈಲ್ ಡಿಲೀಟ್ ಆಗುತ್ತದೆ, ಆ ಜಾಗಕ್ಕೆ ಬ್ಯಾಕಪ್‌ನ ಫೈಲ್ ಬರುತ್ತದೆ.

ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಬ್ಯಾಕಪ್ ಈ ವಿಷಯದಲ್ಲಿ ಸ್ವಲ್ಪ ಮೃದು. ಅಲ್ಲಿ 'ರಿಪ್ಲೇಸ್ ಎಕ್ಸಿಸ್ಟಿಂಗ್' ಅಂತ ಕೊಟ್ಟರೆ ಮೊದಲು ಈಗಿನ ವಿಎಂನ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಚಿತ್ರ) ತೆಗೆದುಕೊಂಡು, ಆಮೇಲೆ ಡಿಸ್ಕ್ ಬದಲಿಸುತ್ತದೆ. ತೆಗೆದ ಹಳೆಯ ಡಿಸ್ಕ್ ರಿಸೋರ್ಸ್ ಗ್ರೂಪ್‌ನಲ್ಲೇ ಉಳಿದಿರುತ್ತದೆ. ವಾಪಸ್ ಹೋಗಲು ಒಂದು ದಾರಿ ಇರುತ್ತದೆ.

ಹಾಗಾದರೆ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಸಾಕಲ್ವಾ?

ಸಾಕಾಗುವುದಿಲ್ಲ. ತುಂಬ ಜನ ನೆಚ್ಚಿಕೊಂಡು ಮೋಸ ಹೋಗುವುದು ಇಲ್ಲೇ.

ಸ್ನ್ಯಾಪ್‌ಶಾಟ್ ಇರುವುದು ಆ ವಿಎಂನ ಜೊತೆಗೇ, ಅದೇ ಡಿಸ್ಕ್‌ನ ಆಸರೆಯಲ್ಲಿ. ರಿಸ್ಟೋರ್ ಮಾಡುವಾಗ ಸಾಫ್ಟ್‌ವೇರ್ ಹಳೆಯ ವಿಎಂ ಅನ್ನೇ ತೆಗೆದುಹಾಕಿದರೆ ಅದರ ಜೊತೆ ಸ್ನ್ಯಾಪ್‌ಶಾಟ್ ಕೂಡ ಹೋಗುತ್ತದೆ. ನೀವು ಕಾಪಾಡಿಕೊಳ್ಳಲು ಅಂತ ತೆಗೆದದ್ದೇ ಕೈಗೆ ಸಿಗುವುದಿಲ್ಲ.

ಈಗಿನ ಸ್ಥಿತಿ ಉಳಿಯಬೇಕು ಅಂದರೆ ಅದು ವಿಎಂನಿಂದ ಹೊರಗೆ ಇರಬೇಕು. ಮೂರು ದಾರಿ ಇವೆ. ವಿಎಂ ಇನ್ನೂ ಬ್ಯಾಕಪ್ ಆಗುವ ಸ್ಥಿತಿಯಲ್ಲಿದ್ದರೆ ಈಗಲೇ ಒಂದು ಬ್ಯಾಕಪ್ ಓಡಿಸಿ. ಜಾಗ ಇದ್ದರೆ ವಿಎಂ ಆಫ್ ಮಾಡಿ ಕ್ಲೋನ್ ಅಥವಾ ಎಕ್ಸ್‌ಪೋರ್ಟ್ ಮಾಡಿ. ಅದಕ್ಕೂ ಸಮಯ ಇಲ್ಲವಾದರೆ ಡಿಸ್ಕ್ ಫೈಲ್ ಒಂದನ್ನಾದರೂ ಬೇರೆ ಕಡೆಗೆ ನಕಲು ಮಾಡಿಡಿ. ಕೆಟ್ಟುಹೋದ ವಿಎಂ ಅಲ್ವಾ, ಅದನ್ನೇಕೆ ಇಟ್ಟುಕೊಳ್ಳಬೇಕು ಅನ್ನಿಸಬಹುದು. ಬೂಟ್ ಆಗದ ವಿಎಂನ ಡಿಸ್ಕ್‌ನಲ್ಲಿ ಈ ದಿನದ ಡೇಟಾ ಹಾಗೇ ಕೂತಿರುವುದು ತೀರಾ ಸಾಮಾನ್ಯ. ಯಂತ್ರವನ್ನು ಏಳಿಸುವ ಬೂಟ್‌ಲೋಡರ್ ಹಾಳಾಗಿರುತ್ತದೆ, ಡೇಟಾ ಚೆನ್ನಾಗಿಯೇ ಇರುತ್ತದೆ. ಆ ಡಿಸ್ಕ್ ಅನ್ನು ಇನ್ನೊಂದು ವಿಎಂಗೆ ಎರಡನೇ ಡಿಸ್ಕ್ ಆಗಿ ಜೋಡಿಸಿದರೆ ಫೈಲ್‌ಗಳು ಕಾಣುತ್ತವೆ.

ಒಂದು ಲೆಕ್ಕ ನೋಡಿ. ಬ್ಯಾಕಪ್ ಆದದ್ದು ರಾತ್ರಿ 1 ಗಂಟೆಗೆ. ವಿಎಂ ನಿಂತದ್ದು ಮಧ್ಯಾಹ್ನ 3 ಗಂಟೆಗೆ. ಸುಮ್ನೆ ಮೇಲೆ ಬರೆದುಬಿಟ್ಟರೆ ನಡುವಿನ 14 ಗಂಟೆಯ ಕೆಲಸ ಹೋಯಿತು. ಹಳೆಯ ಡಿಸ್ಕ್ ಪಕ್ಕಕ್ಕಿಟ್ಟಿದ್ದರೆ ಅದರಿಂದ ಬೇಕಾದ ಫೋಲ್ಡರ್ ಮಾತ್ರ ಆಮೇಲೆ ನಿಧಾನವಾಗಿ ತೆಗೆದುಕೊಳ್ಳಬಹುದು.

ಒಂದೇ ಒಂದು ಫೋಲ್ಡರ್ ಡಿಲೀಟ್ ಆಗಿದೆ. ಇಡೀ ವಿಎಂ ರಿಸ್ಟೋರ್ ಮಾಡಬೇಕಾ?

ಬೇಡವೇ ಬೇಡ. ಈಗಿನ ಹೆಚ್ಚುಕಡಿಮೆ ಎಲ್ಲ ಬ್ಯಾಕಪ್ ಸಾಫ್ಟ್‌ವೇರ್‌ಗಳಲ್ಲೂ ವಿಎಂ ಬ್ಯಾಕಪ್ ಒಳಗಿನಿಂದ ಫೈಲ್ ಮಾತ್ರ ತೆಗೆಯುವ ಸೌಲಭ್ಯ ಇದೆ. ಅದನ್ನು ಬಳಸಿ. ಒಂದು ಫೋಲ್ಡರ್‌ಗಾಗಿ ಇಡೀ ಸರ್ವರ್ ಅನ್ನು ನಿನ್ನೆಗೆ ಕರೆದೊಯ್ದರೆ ಉಳಿದವರ ಇಡೀ ದಿನದ ಕೆಲಸ ಹಾಳು.

ಹಾಗೇ ಒಂದು ಅಪ್‌ಡೇಟ್ ಹಾಕಿ ಕೆಟ್ಟಿದ್ದರೆ, ಅಪ್‌ಡೇಟ್‌ಗೆ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿದ್ದರೆ, ಅದಕ್ಕೆ ಹಿಂತಿರುಗುವುದೇ ಬೇಗ. ಹಾಗೆ ಮಾಡಿದರೂ ಸ್ನ್ಯಾಪ್‌ಶಾಟ್ ಆದ ಮೇಲಿನ ಡೇಟಾ ಹೋಗುತ್ತದೆ ಅನ್ನುವುದು ಗಮನದಲ್ಲಿರಲಿ.

ಯಾವ ರಿಸ್ಟೋರ್ ಪಾಯಿಂಟ್ (ಯಾವ ಹೊತ್ತಿನ ಬ್ಯಾಕಪ್) ಆರಿಸಬೇಕು? ಎಲ್ಲಕ್ಕಿಂತ ಹೊಸದೇ ಒಳ್ಳೆಯದಲ್ವಾ?

ಹಾರ್ಡ್‌ವೇರ್ ಕೆಟ್ಟಿದ್ದರೆ ಹೌದು, ಹೊಸದೇ. ತೊಂದರೆ ಒಳಗಿನದಾಗಿದ್ದರೆ, ಅಂದರೆ ಡೇಟಾಬೇಸ್ ಹಾಳಾಗಿದೆ, ಯಾರೋ ತಪ್ಪಾಗಿ ಅಳಿಸಿದ್ದಾರೆ, ವೈರಸ್ ಬಂದಿದೆ, ಆಗ ತೊಂದರೆ ಶುರುವಾದದ್ದು ಯಾವಾಗ ಅಂತ ಮೊದಲು ಪತ್ತೆ ಮಾಡಿ. ತೊಂದರೆ ಕಣ್ಣಿಗೆ ಬಿದ್ದ ಹೊತ್ತೇ ಬೇರೆ, ಶುರುವಾದ ಹೊತ್ತೇ ಬೇರೆ. ಭಾನುವಾರ ಹಾಳಾದ ಡೇಟಾಬೇಸ್ ಬುಧವಾರ ಗೊತ್ತಾದರೆ ಮಂಗಳವಾರದ ಬ್ಯಾಕಪ್‌ನಲ್ಲೂ ಅದೇ ಹಾಳು ಇರುತ್ತದೆ.

ಜೊತೆಗೆ ಆ ಪಾಯಿಂಟ್ ಯಾವ ಬಗೆಯದು ಅಂತ ನೋಡಿ. ಅಪ್ಲಿಕೇಶನ್ ಕನ್ಸಿಸ್ಟೆಂಟ್ ಅಂತ ಇದ್ದರೆ ಬ್ಯಾಕಪ್ ಹೊತ್ತಿನಲ್ಲಿ ಒಳಗಿನ ಪ್ರೋಗ್ರಾಂಗಳಿಗೆ ತಿಳಿಸಿ, ಮೆಮೊರಿಯಲ್ಲಿದ್ದ ಡೇಟಾವನ್ನು ಡಿಸ್ಕ್‌ಗೆ ಬರೆಸಿ ತೆಗೆದದ್ದು. ವಿಂಡೋಸ್‌ನಲ್ಲಿ ಈ ಕೆಲಸ ಅದರದೇ ವಿಎಸ್‌ಎಸ್ ಸೇವೆ ಮಾಡುತ್ತದೆ. ಲಿನಕ್ಸ್‌ನಲ್ಲಿ ವಿಎಂ ಒಳಗೆ ಹಾಕಿದ ಗೆಸ್ಟ್ ಏಜೆಂಟ್ ಪ್ರೋಗ್ರಾಂ ಫೈಲ್ ಸಿಸ್ಟಮ್ ಅನ್ನು ಒಂದು ಕ್ಷಣ ಹಿಡಿದು ನಿಲ್ಲಿಸುತ್ತದೆ. ಡೇಟಾಬೇಸ್ ಕೂಡ ಸಿದ್ಧವಾಗಬೇಕು ಅಂದರೆ ಅದಕ್ಕೆ ಬೇರೆ ಸ್ಕ್ರಿಪ್ಟ್ ಬೇಕಾಗುತ್ತದೆ. ಕ್ರ್ಯಾಶ್ ಕನ್ಸಿಸ್ಟೆಂಟ್ ಅಂತ ಇದ್ದರೆ ಓಡುತ್ತಿದ್ದ ಸರ್ವರ್‌ನ ಕರೆಂಟ್ ಕಿತ್ತರೆ ಡಿಸ್ಕ್ ಹೇಗಿರುತ್ತದೋ ಹಾಗೆ. ಅದೂ ಸಾಮಾನ್ಯವಾಗಿ ಏಳುತ್ತದೆ, ಆದರೆ ಎದ್ದ ಮೇಲೆ ತಪಾಸಣೆ ಜಾಸ್ತಿ ಬೇಕು. ಅರ್ಧ ಗಂಟೆ ಹಳೆಯದಾದರೂ ಮೊದಲ ಬಗೆಯ ಪಾಯಿಂಟ್ ಸಿಕ್ಕರೆ ಡೇಟಾಬೇಸ್ ಸರ್ವರ್‌ಗೆ ಅದನ್ನೇ ಆರಿಸಿ ಅಂತ ನನ್ನ ಸಲಹೆ.

ಶುರು ಮಾಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಈಗಿನದನ್ನು ಪಕ್ಕಕ್ಕಿಡುವುದು ಆಯಿತು. ಅದಾದ ಮೇಲೆ ಮುಖ್ಯವಾದದ್ದು ಆ ವಿಎಂಗೆ ನಿಗದಿಯಾಗಿರುವ ಬ್ಯಾಕಪ್ ಮತ್ತು ರೆಪ್ಲಿಕೇಶನ್ (ಬೇರೆ ಕಡೆ ಪ್ರತಿ ಇಡುವ) ಕೆಲಸಗಳನ್ನು ನಿಲ್ಲಿಸುವುದು. ರಿಸ್ಟೋರ್ ನಡೆಯುವಾಗಲೇ ಬ್ಯಾಕಪ್ ಶುರುವಾದರೆ ಫೈಲ್ ಲಾಕ್ ಆಗಿ ಎರಡೂ ಕೆಡಬಹುದು. ಇನ್ನೊಂದು ಅಪಾಯವೂ ಇದೆ. ಉಳಿಸಿಕೊಳ್ಳುವ ಅವಧಿ ಮುಗಿಯಿತು ಅಂತ ಹೊಸ ಬ್ಯಾಕಪ್ ಬಂದ ಹಾಗೆ ಹಳೆಯ ಪಾಯಿಂಟ್ ಅಳಿಯುವ ವ್ಯವಸ್ಥೆ ಇರುತ್ತದೆ. ಕೆಟ್ಟ ವಿಎಂನ ಬ್ಯಾಕಪ್ ಬಂದು ಒಳ್ಳೆಯ ಪಾಯಿಂಟ್ ಅನ್ನು ಆಚೆ ತಳ್ಳಬಾರದು.

ಡೇಟಾಸ್ಟೋರ್‌ನಲ್ಲಿ ಜಾಗ ನೋಡಿ. ಕೆಲವು ಸಾಫ್ಟ್‌ವೇರ್‌ಗಳು ಹೊಸದು ಬರೆದು ಮುಗಿಯುವ ತನಕ ಹಳೆಯದನ್ನು ಇಟ್ಟಿರುತ್ತವೆ, ಆಗ ಎರಡರಷ್ಟು ಜಾಗ ಬೇಕು. ಥಿನ್ (ಬರೆದಷ್ಟೇ ಜಾಗ ಹಿಡಿಯುವ) ಆಗಿದ್ದ ಡಿಸ್ಕ್ ಥಿಕ್ (ಪೂರ್ತಿ ಜಾಗ ಮೊದಲೇ ಹಿಡಿಯುವ) ಆಗಿ ಬಂದರೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ವಿಎಂಗೆ ಪ್ರೊಟೆಕ್ಷನ್ ಹಾಕಿದ್ದರೆ ಅದರ ಮೇಲೆ ಬರೆಯಲು ಬಿಡುವುದಿಲ್ಲ, ಅದನ್ನು ತೆಗೆಯಬೇಕು.

ಆಮೇಲೆ ಜನ. ಆ ಸರ್ವರ್ ಬಳಸುವವರಿಗೆ ಎಷ್ಟು ಹೊತ್ತಿನ ಸ್ಥಿತಿಗೆ ಹಿಂತಿರುಗುತ್ತಿದ್ದೀರಿ ಅಂತ ಗಂಟೆ ಸಮೇತ ಹೇಳಿ. "ನಿನ್ನೆ ರಾತ್ರಿ 1 ಗಂಟೆಯ ನಂತರ ಹಾಕಿದ್ದು ಇರುವುದಿಲ್ಲ" ಅಂತ ಮೊದಲೇ ಬರೆದು ತಿಳಿಸಿದರೆ, ಇದು ಮಾತ್ರ ಕಳೆಯಬೇಡಿ ಅಂತ ಯಾರಾದರೂ ಬಂದು ಹೇಳುತ್ತಾರೆ. ಆ ಮಾತು ಬಟನ್ ಒತ್ತುವ ಮುಂಚೆ ಕೇಳಿಸಬೇಕು.

ವಿಎಂ ಆಫ್ ಮಾಡಬೇಕಾ?

ಮಾಡಿ. ಪ್ರಾಕ್ಸ್‌ಮಾಕ್ಸ್ ಓಡುತ್ತಿರುವ ವಿಎಂ ಮೇಲೆ ಬರೆಯುವುದೇ ಇಲ್ಲ. ತಾವೇ ಆಫ್ ಮಾಡಿಕೊಳ್ಳುವ ಸಾಫ್ಟ್‌ವೇರ್‌ಗಳೂ ಇವೆ, ಆದರೆ ನೀವೇ ಸರಿಯಾಗಿ ಶಟ್‌ಡೌನ್ ಮಾಡಿದರೆ ಪಕ್ಕಕ್ಕಿಟ್ಟ ಪ್ರತಿಯೂ ಅಚ್ಚುಕಟ್ಟಾಗಿರುತ್ತದೆ.

ಎಷ್ಟು ಹೊತ್ತು ಬೇಕಾಗುತ್ತದೆ?

ಮೂರರಲ್ಲಿ ಯಾವುದು ನಿಧಾನವೋ ಅದೇ ವೇಗ: ಬ್ಯಾಕಪ್ ಇರುವ ಡಿಸ್ಕ್ ಓದುವುದು, ನೆಟ್‌ವರ್ಕ್, ಡೇಟಾಸ್ಟೋರ್ ಬರೆಯುವುದು. 1 ಗಿಗಾಬಿಟ್ ನೆಟ್‌ವರ್ಕ್ ಅಂದರೆ ಲೆಕ್ಕದಲ್ಲಿ ಸೆಕೆಂಡಿಗೆ 125 ಮೆಗಾಬೈಟ್, ಕೈಗೆ ಸಿಗುವುದು ಸುಮಾರು 110. ಆ ಲೆಕ್ಕದಲ್ಲಿ 600 ಜಿಬಿ ಡೇಟಾಗೆ ಒಂದೂವರೆ ಗಂಟೆ. 10 ಗಿಗಾಬಿಟ್ ಇದ್ದರೆ ಹತ್ತನೇ ಒಂದು ಭಾಗ ಹೊತ್ತು ಸಾಕು ಅಂತ ಅಂದುಕೊಳ್ಳಬೇಡಿ. ಅಲ್ಲಿ ಸಾಮಾನ್ಯವಾಗಿ ಬ್ಯಾಕಪ್ ಇಟ್ಟ ಡಿಸ್ಕ್‌ಗಳೇ ತಡ ಮಾಡುತ್ತವೆ. ಕಂಪ್ರೆಸ್ (ಕುಗ್ಗಿಸುವುದು) ಮತ್ತು ಡಿಡ್ಯೂಪ್ (ಒಂದೇ ಡೇಟಾ ಎರಡು ಸಲ ಇಡದಿರುವುದು) ಮಾಡಿದ ಬ್ಯಾಕಪ್ ಬಿಡಿಸಿ ಓದುವಾಗ ಚೆಲ್ಲಾಪಿಲ್ಲಿಯಾಗಿ ಓದಬೇಕು, ತಿರುಗುವ ಹಾರ್ಡ್ ಡಿಸ್ಕ್‌ಗಳಿಗೆ ಅದು ಭಾರವಾದ ಕೆಲಸ.

ಯಾರಾದರೂ ಎಷ್ಟು ಹೊತ್ತು ಅಂತ ಕೇಳಿದರೆ ಶೇಕಡಾ ತೋರಿಸುವ ಪಟ್ಟಿ ನೋಡಿ ಹೇಳಬೇಡಿ. ಮೊದಲ ಹತ್ತು ನಿಮಿಷದಲ್ಲಿ ಎಷ್ಟು ಜಿಬಿ ಬಂತು ಅಂತ ನೋಡಿ ಗುಣಿಸಿ ಹೇಳಿ.

ಬದಲಾದ ಭಾಗವನ್ನು ಮಾತ್ರ ವಾಪಸ್ ಬರೆಯುವ ದಾರಿ ಇದೆಯಂತೆ?

ಇದೆ. ಬ್ಯಾಕಪ್ ಆದಾಗಿನಿಂದ ಡಿಸ್ಕ್‌ನ ಯಾವ ಬ್ಲಾಕ್‌ಗಳು ಬದಲಾಗಿವೆ ಅಂತ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಲೆಕ್ಕ ಇಟ್ಟಿರುತ್ತದೆ. ವಿಎಂವೇರ್‌ನಲ್ಲಿ ಇದು ಸಿಬಿಟಿ, ಹೈಪರ್-ವಿಯಲ್ಲಿ ವಿಂಡೋಸ್ ಸರ್ವರ್ 2016ರಿಂದ ಬಂದದ್ದು ಆರ್‌ಸಿಟಿ. ಆ ಲೆಕ್ಕ ಹಿಡಿದು ಬದಲಾದ ಬ್ಲಾಕ್‌ಗಳನ್ನು ಮಾತ್ರ ತಂದರೆ ಗಂಟೆಗಳ ಕೆಲಸ ನಿಮಿಷಗಳಲ್ಲಿ ಆಗುತ್ತದೆ. ವೀಮ್ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಕ್ವಿಕ್ ರೋಲ್‌ಬ್ಯಾಕ್ ಅಂತ ಹೆಸರು.

ಯಾವಾಗ ಬಳಸಬಹುದು? ತೊಂದರೆ ವಿಎಂ ಒಳಗೆ ನಡೆದದ್ದಾದರೆ: ಕೆಟ್ಟ ಅಪ್‌ಡೇಟ್, ತಪ್ಪಾಗಿ ಅಳಿಸಿದ್ದು, ಸೆಟ್ಟಿಂಗ್ ಎಡವಟ್ಟು. ಸ್ಟೋರೇಜ್ ಕೆಟ್ಟು, ಹೋಸ್ಟ್‌ನ ಕರೆಂಟ್ ಹೋಗಿ ಆದ ತೊಂದರೆಗೆ ಬಳಸಬೇಡಿ. ಆಗ ಯಾರೂ ಬರೆಯದ ಬ್ಲಾಕ್ ಕೂಡ ಹಾಳಾಗಿರಬಹುದು, ಬದಲಾವಣೆಯ ಲೆಕ್ಕದ ಪುಸ್ತಕದಲ್ಲಿ ಅದು ಬಂದಿರುವುದಿಲ್ಲ. ವಿಎಂ ಎದ್ದರೂ ಒಳಗೆ ಎಲ್ಲೋ ಒಂದು ಕಡೆ ಹುಳುಕು ಉಳಿದಿರುತ್ತದೆ. ಅಂಥ ಕಡೆ ಪೂರ್ತಿ ರಿಸ್ಟೋರ್ ಮಾಡುವುದೇ ಸರಿ.

ರಿಸ್ಟೋರ್ ಮುಗಿಯುವ ಮುಂಚೆಯೇ ವಿಎಂ ಓಡಿಸಬಹುದಾ?

ಎರಡು ಬಗೆಯಲ್ಲಿ ಓಡಿಸಬಹುದು. ಒಂದು, ಬ್ಯಾಕಪ್ ಫೈಲ್‌ನಿಂದಲೇ ವಿಎಂ ಓಡಿಸಿ, ಆಮೇಲೆ ಓಡುತ್ತಿದ್ದ ಹಾಗೇ ಡೇಟಾಸ್ಟೋರ್‌ಗೆ ಸಾಗಿಸುವುದು. ಇನ್ನೊಂದು, ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಜೊತೆ ಬರುವ ಲೈವ್ ರಿಸ್ಟೋರ್. ಅಲ್ಲಿ ವಿಎಂ ಕೂಡಲೇ ಶುರುವಾಗುತ್ತದೆ, ಬೇಕಾದ ಭಾಗಗಳನ್ನು ಮೊದಲು ಎಳೆದುಕೊಳ್ಳುತ್ತದೆ. ಆದರೆ ನಡುವೆ ರಿಸ್ಟೋರ್ ನಿಂತರೆ ಆ ಹೊತ್ತಿನಲ್ಲಿ ವಿಎಂ ಬರೆದದ್ದೆಲ್ಲ ಹೋಗುತ್ತದೆ. ವೆಬ್ ಪುಟ ತೋರಿಸುವ ಸರ್ವರ್‌ಗೆ ಇದು ಬಹಳ ಒಳ್ಳೆಯದು. ಹಣದ ಲೆಕ್ಕ ಬರೆಯುವ ಡೇಟಾಬೇಸ್‌ಗೆ, ನೆಟ್‌ವರ್ಕ್ ಗಟ್ಟಿ ಇದೆ ಅನ್ನುವ ನಂಬಿಕೆ ಇಲ್ಲದಿದ್ದರೆ, ಕಾಯುವುದೇ ಮೇಲು.

ಮೊದಲಿದ್ದ ಸ್ನ್ಯಾಪ್‌ಶಾಟ್‌ಗಳೂ ವಾಪಸ್ ಬರುತ್ತವಾ?

ಸಾಮಾನ್ಯವಾಗಿ ಇಲ್ಲ. ಬ್ಯಾಕಪ್ ಆ ಹೊತ್ತಿನ ಡಿಸ್ಕ್‌ನ ಒಂದೇ ಚಿತ್ರ. ಸ್ನ್ಯಾಪ್‌ಶಾಟ್ ಸರಪಳಿ ಅದರಲ್ಲಿ ಇರುವುದಿಲ್ಲ.

ಐಪಿ ಮತ್ತು ಮ್ಯಾಕ್ ವಿಳಾಸ ಬದಲಾಗುತ್ತದಾ?

ಇದ್ದ ಜಾಗಕ್ಕೇ ತಂದಾಗ ಮ್ಯಾಕ್ ವಿಳಾಸ ಹಾಗೇ ಉಳಿಯುತ್ತದೆ. ಹಾಗಾಗಿ ಡಿಎಚ್‌ಸಿಪಿಯಲ್ಲಿ (ಐಪಿ ಹಂಚುವ ವ್ಯವಸ್ಥೆಯಲ್ಲಿ) ಕಾಯ್ದಿರಿಸಿದ ಐಪಿಯೂ ಅದೇ ಸಿಗುತ್ತದೆ, ಮ್ಯಾಕ್‌ಗೆ ಕಟ್ಟಿದ ಲೈಸೆನ್ಸ್‌ಗಳೂ ತಕರಾರು ಮಾಡುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ 'ಯೂನಿಕ್' ಅನ್ನುವ ಆಯ್ಕೆ ಟಿಕ್ ಮಾಡಿದರೆ ಹೊಸ ಮ್ಯಾಕ್ ಬರುತ್ತದೆ. ಅದು ಪಕ್ಕದಲ್ಲಿ ಎರಡನೇ ಪ್ರತಿ ಇಡುವವರಿಗೆ. ನಿಮಗೆ ಬೇಡ.

ಎಚ್ಚರ ಬೇಕಾದದ್ದು ಇಲ್ಲಿ: ಪಕ್ಕಕ್ಕಿಟ್ಟ ಹಳೆಯ ಕ್ಲೋನ್ ಅನ್ನು ಯಾರಾದರೂ ಆನ್ ಮಾಡಿದರೆ ಒಂದೇ ಐಪಿ, ಒಂದೇ ಹೆಸರಿನ ಎರಡು ಸರ್ವರ್ ಒಂದೇ ನೆಟ್‌ವರ್ಕ್‌ನಲ್ಲಿ ಬಂದಂತೆ. ಕ್ಲೋನ್‌ನ ನೆಟ್‌ವರ್ಕ್ ಕಾರ್ಡ್ ಕಿತ್ತಿಡಿ, ಹೆಸರಿನಲ್ಲೇ "ಆನ್ ಮಾಡಬೇಡಿ" ಅಂತ ಸೇರಿಸಿ.

ರಿಸ್ಟೋರ್ ಆಯಿತು, ಆದರೆ ಒಂದು ಡಿಸ್ಕ್ ಕಾಣಿಸುತ್ತಿಲ್ಲ. ಯಾಕೆ?

ಅದು ಬ್ಯಾಕಪ್‌ನಲ್ಲಿ ಇರಲೇ ಇಲ್ಲ ಅನ್ನುವುದು ಬಹುತೇಕ ಕಾರಣ. ವಿಎಂವೇರ್‌ನಲ್ಲಿ ಇಂಡಿಪೆಂಡೆಂಟ್ ಅಂತ ಗುರುತು ಮಾಡಿದ ಡಿಸ್ಕ್ ಮತ್ತು ಫಿಸಿಕಲ್ ಮೋಡ್ ಆರ್‌ಡಿಎಂಗೆ (ಸ್ಟೋರೇಜ್‌ನ ಡಿಸ್ಕ್ ನೇರವಾಗಿ ವಿಎಂಗೆ ಕೊಟ್ಟದ್ದಕ್ಕೆ) ಸ್ನ್ಯಾಪ್‌ಶಾಟ್ ಆಗುವುದಿಲ್ಲ. ಸ್ನ್ಯಾಪ್‌ಶಾಟ್ ನೆಚ್ಚಿದ ಬ್ಯಾಕಪ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಹೈಪರ್-ವಿಯ ಪಾಸ್‌ಥ್ರೂ ಡಿಸ್ಕ್ ಕೂಡ ಹಾಗೇ. ವಿಎಂ ಒಳಗಿನಿಂದಲೇ ಐಸ್ಕಜಿ (iSCSI, ನೆಟ್‌ವರ್ಕ್‌ನಲ್ಲಿ ಡಿಸ್ಕ್ ಜೋಡಿಸುವ ವಿಧಾನ) ಮೂಲಕ ಜೋಡಿಸಿದ ಡಿಸ್ಕ್ ಇದ್ದರೆ ಅದು ಹೈಪರ್‌ವೈಸರ್ ಕಣ್ಣಿಗೇ ಬೀಳುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಡಿಸ್ಕ್ ಸೆಟ್ಟಿಂಗ್‌ನಲ್ಲಿರುವ ಬ್ಯಾಕಪ್ ಟಿಕ್ ಯಾರಾದರೂ ತೆಗೆದಿದ್ದರೂ ಅಷ್ಟೆ.

ಇದನ್ನು ರಿಸ್ಟೋರ್ ದಿನ ಕಂಡುಹಿಡಿಯುವುದು ತೀರಾ ನೋವಿನ ವಿಷಯ. ಈವತ್ತೇ ಬ್ಯಾಕಪ್ ವರದಿ ತೆಗೆದು ಡಿಸ್ಕ್‌ಗಳ ಸಂಖ್ಯೆಯನ್ನು ವಿಎಂ ಸೆಟ್ಟಿಂಗ್ ಜೊತೆ ತಾಳೆ ನೋಡಿ.

ಮೂಲ ವಿಎಂ ಆಗಲೇ ಡಿಲೀಟ್ ಆಗಿದೆ. ಇದ್ದ ಜಾಗಕ್ಕೆ ರಿಸ್ಟೋರ್ ಆಗುತ್ತದಾ?

ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಆಗುತ್ತದೆ. ಹೋಸ್ಟ್, ಡೇಟಾಸ್ಟೋರ್, ನೆಟ್‌ವರ್ಕ್ ಮೊದಲಿನ ಹೆಸರಿನಲ್ಲೇ ಇದ್ದರೆ ಸಾಕು. ಅಜೂರ್‌ನ ಡಿಸ್ಕ್ ಬದಲಿಸುವ ಆಯ್ಕೆ ಮಾತ್ರ ಕೆಲಸ ಮಾಡುವುದಿಲ್ಲ, ಅದಕ್ಕೆ ಮೂಲ ವಿಎಂ ಇರಲೇಬೇಕು. ಅಲ್ಲಿ ಹೊಸ ವಿಎಂ ಮಾಡುವ ದಾರಿ ಹಿಡಿಯಿರಿ.

ವಿಎಂ ಎದ್ದಿತು, ಆದರೆ ಡೊಮೇನ್ ಲಾಗಿನ್ ಆಗುತ್ತಿಲ್ಲ. ಟ್ರಸ್ಟ್ ಮುರಿದಿದೆ ಅನ್ನುತ್ತಿದೆ.

ಡೊಮೇನ್‌ಗೆ, ಅಂದರೆ ಕಚೇರಿಯ ಎಲ್ಲ ಲಾಗಿನ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆಗೆ, ಸೇರಿದ ಪ್ರತಿ ವಿಂಡೋಸ್ ಯಂತ್ರಕ್ಕೂ ಡೊಮೇನ್ ಜೊತೆ ಒಂದು ಗುಟ್ಟಿನ ಪಾಸ್‌ವರ್ಡ್ ಇರುತ್ತದೆ. ಸುಮ್ನೆ ಬಿಟ್ಟರೆ 30 ದಿನಕ್ಕೊಮ್ಮೆ ಯಂತ್ರವೇ ಅದನ್ನು ಬದಲಿಸುತ್ತದೆ. ಹಳೆಯ ಬ್ಯಾಕಪ್ ತಂದರೆ ಯಂತ್ರದ ಬಳಿ ಹಳೆಯ ಪಾಸ್‌ವರ್ಡ್, ಡೊಮೇನ್ ಬಳಿ ಹೊಸದು. ಬ್ಯಾಕಪ್ ಹಳೆಯದಾದಷ್ಟೂ ಹೀಗಾಗುವ ಸಾಧ್ಯತೆ ಜಾಸ್ತಿ.

ಲೋಕಲ್ ಅಡ್ಮಿನ್ ಆಗಿ ಒಳಗೆ ಹೋಗಿ ಪವರ್‌ಶೆಲ್‌ನಲ್ಲಿ ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಕಮಾಂಡ್ ಅನ್ನು ರಿಪೇರ್ ಆಯ್ಕೆಯ ಜೊತೆ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸುವ ತನಕ ಹೋಗಬೇಕಾಗಿಲ್ಲ.

ಆದರೆ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಯಾವುದು? ನಿಮ್ಮಲ್ಲಿ ಲ್ಯಾಪ್ಸ್ (ಈ ಪಾಸ್‌ವರ್ಡ್ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಸೌಲಭ್ಯ) ಇದ್ದರೆ ಅದೂ ತಾನೇ ಬದಲಾಗುತ್ತಿರುತ್ತದೆ. ಡೈರೆಕ್ಟರಿಯಲ್ಲಿ ಈಗ ಕಾಣುವ ಪಾಸ್‌ವರ್ಡ್ ವಾಪಸ್ ಬಂದ ಹಳೆಯ ಯಂತ್ರಕ್ಕೆ ಹೊಂದದೇ ಇರಬಹುದು. ಹೊಸ ವಿಂಡೋಸ್ ಲ್ಯಾಪ್ಸ್‌ನಲ್ಲಿ ಹಿಂದಿನ ಪಾಸ್‌ವರ್ಡ್‌ಗಳನ್ನೂ ಇಟ್ಟುಕೊಳ್ಳುವ ವ್ಯವಸ್ಥೆ ಇದೆ, ಇಂಥ ಹೊತ್ತಿಗೇ ಅದು ಬೇಕಾಗುವುದು. ಆನ್ ಇದೆಯಾ ನೋಡಿಕೊಳ್ಳಿ.

ಗಡಿಯಾರವನ್ನೂ ನೋಡಿ. ಯಂತ್ರದ ಸಮಯ ಡೊಮೇನ್‌ಗಿಂತ 5 ನಿಮಿಷಕ್ಕಿಂತ ಹೆಚ್ಚು ಆಚೀಚೆ ಇದ್ದರೆ ಲಾಗಿನ್ ಪರೀಕ್ಷಿಸುವ ಕರ್ಬರೋಸ್ ವ್ಯವಸ್ಥೆ ಒಳಗೆ ಬಿಡುವುದಿಲ್ಲ.

ಡೊಮೇನ್ ಕಂಟ್ರೋಲರ್ ಅನ್ನೇ ಹೀಗೆ ರಿಸ್ಟೋರ್ ಮಾಡಬಹುದಾ?

ಬೇರೆ ಡೊಮೇನ್ ಕಂಟ್ರೋಲರ್ (ಡೊಮೇನ್ ನಡೆಸುವ ಸರ್ವರ್) ಆರೋಗ್ಯವಾಗಿದ್ದರೆ ಮಾಡಬೇಡಿ. ಕೆಟ್ಟದ್ದನ್ನು ಡೈರೆಕ್ಟರಿಯಿಂದ ಸರಿಯಾಗಿ ತೆಗೆದು, ಹೊಸದೊಂದು ಕಟ್ಟಿ, ರೆಪ್ಲಿಕೇಶನ್ ಮೂಲಕ ತುಂಬಿಸಿಕೊಳ್ಳಿ.

ಕಾರಣ ಇದು. ಕಂಟ್ರೋಲರ್‌ಗಳು ಪ್ರತಿ ಬದಲಾವಣೆಗೂ ಒಂದು ಕ್ರಮಸಂಖ್ಯೆ ಕೊಟ್ಟು, "ನಿನ್ನಿಂದ ಇಷ್ಟನೇ ಸಂಖ್ಯೆಯ ತನಕ ಬಂದಿದೆ" ಅಂತ ಒಂದಕ್ಕೊಂದು ಲೆಕ್ಕ ಇಟ್ಟುಕೊಂಡಿರುತ್ತವೆ. ಒಂದನ್ನು ಹಿಂದಕ್ಕೆ ತಂದರೆ ಅದರ ಸಂಖ್ಯೆ ಹಿಂದಕ್ಕೆ ಹೋಗುತ್ತದೆ. ಅದು ಹೊಸದಾಗಿ ಕೊಡುವ ಬದಲಾವಣೆಗಳ ಸಂಖ್ಯೆಯನ್ನು ಉಳಿದವು ಆಗಲೇ ನೋಡಿಯಾಗಿರುತ್ತವೆ, ಹಾಗಾಗಿ ತೆಗೆದುಕೊಳ್ಳುವುದಿಲ್ಲ. ಇದೇ ಯುಎಸ್‌ಎನ್ ರೋಲ್‌ಬ್ಯಾಕ್. ಈವೆಂಟ್ ಲಾಗ್‌ನಲ್ಲಿ 2095 ಕಂಡರೆ ಅದು ಆಗಿದೆ ಅಂತ ಅರ್ಥ. ವಿಂಡೋಸ್ ಸರ್ವರ್ 2012ರಿಂದ ವಿಎಂ ಜನರೇಶನ್ ಐಡಿ ಅನ್ನುವ ಕಾವಲು ಬಂದಿದೆ. ಹೈಪರ್‌ವೈಸರ್ ಕೂಡ ಅದನ್ನು ಬೆಂಬಲಿಸಿದರೆ ಹಿಂದಕ್ಕೆ ಬಂದದ್ದು ಕಂಟ್ರೋಲರ್‌ಗೇ ತಿಳಿದು ತನ್ನ ಗುರುತು ಬದಲಿಸಿಕೊಳ್ಳುತ್ತದೆ. ರಿಸ್ಟೋರ್ ಮಾಡಲೇಬೇಕಾಗಿ ಬಂದರೆ ಬ್ಯಾಕಪ್ ಅಪ್ಲಿಕೇಶನ್ ಕನ್ಸಿಸ್ಟೆಂಟ್ ಆಗಿರಲೇಬೇಕು. ಟೂಂಬ್‌ಸ್ಟೋನ್ ಅವಧಿಗಿಂತ (ಅಳಿಸಿದ್ದರ ಗುರುತನ್ನು ಡೈರೆಕ್ಟರಿ ಇಟ್ಟುಕೊಳ್ಳುವ ಅವಧಿ), ಅಂದರೆ ಸಾಮಾನ್ಯವಾಗಿ 180 ದಿನಕ್ಕಿಂತ, ಹಳೆಯ ಬ್ಯಾಕಪ್ ಅನ್ನು ಮುಟ್ಟಲೂಬೇಡಿ.

ಡೇಟಾಬೇಸ್ ಇರುವ ವಿಎಂಗೆ ಬೇರೆ ಏನಾದರೂ ಮಾಡಬೇಕಾ?

ಮಾಡಬೇಕು, ಅದೂ ರಿಸ್ಟೋರ್‌ಗೆ ಮುಂಚೆ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ಫುಲ್ ರಿಕವರಿ (ಪ್ರತಿ ಬದಲಾವಣೆಯೂ ಲಾಗ್‌ನಲ್ಲಿ ಉಳಿಯುವ) ಮಾದರಿಯಲ್ಲಿದ್ದು, ಈಗಿನ ವಿಎಂ ಹೇಗೋ ಓಡುತ್ತಿದ್ದರೆ, ಮೊದಲು ಲಾಗ್‌ನ ಬಾಲ ಹಿಡಿಯಿರಿ. ಅಂದರೆ ಕೊನೆಯ ಲಾಗ್ ಬ್ಯಾಕಪ್ ಆದ ಮೇಲಿನದ್ದನ್ನು ಟೇಲ್ ಲಾಗ್ ಬ್ಯಾಕಪ್ ಮಾಡಿ ಬೇರೆ ಯಂತ್ರಕ್ಕೆ ಕಳಿಸಿ. ಮೇಲೆ ಬರೆದ ನಂತರ ಅದು ಸಿಗುವುದಿಲ್ಲ.

ಆಮೇಲೆ ಇನ್ನೊಂದು ಗೊಂದಲ. ವಿಎಂ ರಿಸ್ಟೋರ್ ಆಗಿ ಡೇಟಾಬೇಸ್ ಆನ್‌ಲೈನ್ ಬಂದ ಮೇಲೆ ಅದರ ಮೇಲೆ ಲಾಗ್ ಬ್ಯಾಕಪ್‌ಗಳನ್ನು ಹಾಕಲು ಆಗುವುದಿಲ್ಲ. ಎದ್ದ ಡೇಟಾಬೇಸ್ ಲಾಗ್ ಒಪ್ಪುವುದಿಲ್ಲ. ವಿಎಂನಿಂದ ಸರ್ವರ್ ಬಂತು ಅಂತಿಟ್ಟುಕೊಳ್ಳಿ. ಡೇಟಾಬೇಸ್ ಅನ್ನು ಮಾತ್ರ ಅದರದೇ ಫುಲ್ ಬ್ಯಾಕಪ್‌ನಿಂದ ನೋರಿಕವರಿ (ಇನ್ನೂ ಲಾಗ್ ಒಪ್ಪುವ) ಸ್ಥಿತಿಯಲ್ಲಿ ತಂದು, ಲಾಗ್‌ಗಳನ್ನು ಒಂದರ ಹಿಂದೆ ಒಂದು ಹಾಕಿ, ಕೊನೆಗೆ ಬಾಲ ಹಾಕಿ. ಮಧ್ಯಾಹ್ನ 3ರ ತನಕದ ದಾಖಲೆ ಕೈಗೆ ಬರುವುದು ಹೀಗೆ.

ಅಪ್ಲಿಕೇಶನ್ ಒಂದು ವಿಎಂನಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇದ್ದರೆ ಒಂದನ್ನೇ ಹಿಂದಕ್ಕೆ ತಂದಾಗ ಎರಡರ ಲೆಕ್ಕ ತಾಳೆಯಾಗುವುದಿಲ್ಲ. ಅಪ್ಲಿಕೇಶನ್ ಬಳಿ ಇರುವ ಫೈಲ್‌ಗೆ ಡೇಟಾಬೇಸ್‌ನಲ್ಲಿ ನಮೂದು ಇರುವುದಿಲ್ಲ. ಎರಡನ್ನೂ ಒಂದೇ ಹೊತ್ತಿಗೆ ತರಬೇಕಾ ಅಂತ ಮೊದಲೇ ತೀರ್ಮಾನಿಸಿ.

ರ‍್ಯಾನ್ಸಮ್‌ವೇರ್ ಬಡಿದಿದೆ. ಕೂಡಲೇ ಮೇಲೆ ಬರೆದುಬಿಡಲಾ?

ಬೇಡ, ತಡೆಯಿರಿ. ಫೈಲ್ ಲಾಕ್ ಮಾಡಿ ಹಣ ಕೇಳುವ ದಾಳಿಕೋರರು ಒಳಗೆ ಬಂದ ದಾರಿ ಮುಚ್ಚದೆ ರಿಸ್ಟೋರ್ ಮಾಡಿದರೆ ಅದೇ ದಾರಿಯಲ್ಲಿ ಮತ್ತೆ ಬರುತ್ತಾರೆ. ಫೈಲ್‌ಗಳು ಲಾಕ್ ಆಗುವ ಎಷ್ಟೋ ಮುಂಚೆಯೇ ಒಳಗೆ ಬಂದು ಕೂತಿರುವುದೂ ಉಂಟು, ಆಗ ಬ್ಯಾಕಪ್‌ನಲ್ಲೂ ಅವರ ಕುರುಹು ಇರುತ್ತದೆ. ಈಗಿನ ಡಿಸ್ಕ್‌ಗಳು ಸಾಕ್ಷಿ. ಅಳಿಸಿದರೆ ಹೇಗೆ ಬಂದರು ಅಂತ ತಿಳಿಯಲು ಏನೂ ಉಳಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಬೇರೆ ಜಾಗಕ್ಕೆ, ನೆಟ್‌ವರ್ಕ್ ಇಲ್ಲದ ಕಡೆ ರಿಸ್ಟೋರ್ ಮಾಡಿ, ಸ್ಕ್ಯಾನ್ ಮಾಡಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಆಮೇಲಷ್ಟೇ ಕೆಲಸಕ್ಕೆ ಬಿಡಿ. ಅವಸರ ಎಷ್ಟೇ ಇದ್ದರೂ ಈ ಒಂದು ಕಡೆ ನಿಧಾನವೇ ಸರಿ.

ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತಿದೆ.

ಬಿಟ್‌ಲಾಕರ್ ಅಂದರೆ ವಿಂಡೋಸ್‌ನ ಡಿಸ್ಕ್ ಬೀಗ. ವರ್ಚುವಲ್ ಟಿಪಿಎಂನ (ಆ ಬೀಗದ ಕೀ ಕಾಯುವ ಚಿಪ್‌ನ) ಸ್ಥಿತಿ ಡಿಸ್ಕ್ ಜೊತೆ ಹೊಂದದಿದ್ದರೆ ಕೇಳುತ್ತದೆ. 48 ಅಂಕಿಯ ಆ ಕೀ ವಿಎಂನಿಂದ ಹೊರಗೆ ಎಲ್ಲಾದರೂ ಇರಬೇಕು. ಹೈಪರ್-ವಿಯಲ್ಲಿ ಟಿಪಿಎಂ ಇರುವ ವಿಎಂ ಆ ಹೋಸ್ಟ್‌ನಲ್ಲಿರುವ ಸರ್ಟಿಫಿಕೇಟ್‌ಗಳನ್ನು ನೆಚ್ಚಿಕೊಂಡಿರುತ್ತದೆ. ಹೋಸ್ಟ್ ಅನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ, ಜಾಗ ಅದೇ ಆದರೂ, ವಿಎಂ ಶುರುವಾಗುವುದಿಲ್ಲ. ಆ ಸರ್ಟಿಫಿಕೇಟ್‌ಗಳನ್ನೂ ಮುಂಚೆಯೇ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ರಿಸ್ಟೋರ್ ಅರ್ಧಕ್ಕೆ ನಿಂತರೆ?

ಮೊದಲು ಅಳಿಸಿ ಆಮೇಲೆ ಬರೆಯುವ ಸಾಫ್ಟ್‌ವೇರ್ ಆಗಿದ್ದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಬ್ಯಾಕಪ್ ಅಂತೂ ಹಾಗೇ ಇರುತ್ತದೆ, ರಿಸ್ಟೋರ್ ಅದನ್ನು ಓದುತ್ತದೆ ಅಷ್ಟೆ. ನಿಂತದ್ದಕ್ಕೆ ಕಾರಣ ಲಾಗ್‌ನಲ್ಲಿ ನೋಡಿ. ಜಾಗ ತುಂಬಿದ್ದು, ನೆಟ್‌ವರ್ಕ್ ಕಡಿದದ್ದು, ಬ್ಯಾಕಪ್ ಫೈಲೇ ಹಾಳಾದದ್ದು, ಈ ಮೂರರಲ್ಲಿ ಒಂದಾಗಿರುವುದೇ ಹೆಚ್ಚು. ಕಾರಣ ಸರಿಮಾಡಿ ಮೊದಲಿನಿಂದ ಶುರು ಮಾಡಿ. ಅರ್ಧ ಬರೆದ ವಿಎಂ ಅನ್ನು ಆನ್ ಮಾಡಿ ನೋಡುವ ಆಸೆ ಬೇಡ.

ಬ್ಯಾಕಪ್ ಫೈಲ್ ಹಾಳಾಗಿದ್ದರೆ ಹಿಂದಿನ ಪಾಯಿಂಟ್ ನೋಡಬೇಕು. ಇಂಕ್ರಿಮೆಂಟಲ್ (ಹಿಂದಿನದಕ್ಕಿಂತ ಬದಲಾದದ್ದನ್ನು ಮಾತ್ರ ಇಡುವ) ಸರಪಳಿಯಲ್ಲಿ ನಡುವಿನ ಒಂದು ಕೊಂಡಿ ಹೋದರೆ ಅದರ ಮುಂದಿನವೂ ಹೋಗುತ್ತವೆ. ಇದೇ ಕಾರಣಕ್ಕೆ, ಸಮಯ ಮತ್ತು ಜಾಗ ಇದ್ದರೆ, ಮೊದಲು ಬೇರೆ ಹೆಸರಿನಲ್ಲಿ ಪಕ್ಕಕ್ಕೆ ರಿಸ್ಟೋರ್ ಮಾಡಿ ಏಳುತ್ತದಾ ಅಂತ ನೋಡಿ ಅನ್ನುವುದು.

ವಿಎಂ ಎದ್ದಿತು. ಕೂಡಲೇ ಜನರಿಗೆ ಬಿಟ್ಟುಕೊಡಬಹುದಾ?

ಮೊದಲ ಸಲ ನೆಟ್‌ವರ್ಕ್ ಇಲ್ಲದೆ ಏಳಿಸಿ. ವಿಎಂವೇರ್‌ನ ವಿಸ್ಫಿಯರ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ನ 'ಕನೆಕ್ಟ್ ಅಟ್ ಪವರ್ ಆನ್' ಟಿಕ್ ತೆಗೆಯಿರಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ 'ಡಿಸ್ಕನೆಕ್ಟ್' ಟಿಕ್ ಹಾಕಿ. ಹೈಪರ್-ವಿಯಲ್ಲಿ ಸ್ವಿಚ್ ಜಾಗದಲ್ಲಿ 'ನಾಟ್ ಕನೆಕ್ಟೆಡ್' ಆರಿಸಿ. ಕನ್ಸೋಲ್‌ನಿಂದ ಒಳಗೆ ಹೋಗಿ.

ಲಾಗಿನ್ ಪರದೆ ಬಂದರೆ ಕೆಲಸ ಮುಗಿದಂತಲ್ಲ. ಎಲ್ಲ ಡ್ರೈವ್‌ಗಳು ಬಂದಿವೆಯಾ, ಸರ್ವೀಸ್‌ಗಳು ಶುರುವಾಗಿವೆಯಾ ನೋಡಿ. ಡೇಟಾಬೇಸ್ ತೆರೆದು ಕೊನೆಯ ನಮೂದಿನ ದಿನಾಂಕ ಮತ್ತು ಸಮಯ ಓದಿ. ನೀವು ಆರಿಸಿದ ಪಾಯಿಂಟ್‌ಗೆ ಅದು ಹೊಂದಬೇಕು. ರಾತ್ರಿ 1ರ ಬ್ಯಾಕಪ್ ತಂದು, ಕೊನೆಯ ನಮೂದು ನಾಲ್ಕು ದಿನ ಹಿಂದಿನದಾಗಿದ್ದರೆ ತಪ್ಪು ಪಾಯಿಂಟ್ ಬಂದಿದೆ, ಇಲ್ಲವೇ ಡೇಟಾ ಇದ್ದ ಡಿಸ್ಕ್ ಬ್ಯಾಕಪ್‌ನಲ್ಲಿಲ್ಲ.

ನಿಗದಿತ ಕೆಲಸಗಳ ಪಟ್ಟಿಯನ್ನೂ ನೋಡಿ. ನಿನ್ನೆಗೆ ಹಿಂತಿರುಗಿದ ಸರ್ವರ್ ಈವತ್ತು ಬೆಳಗ್ಗೆ ಕಳಿಸಿದ ಇಮೇಲ್ ಅನ್ನೋ ಪಾವತಿ ಫೈಲ್ ಅನ್ನೋ ಕಳಿಸಿಲ್ಲ ಅಂದುಕೊಂಡು ಮತ್ತೆ ಕಳಿಸಬಹುದು. ಕಾಯುತ್ತಿರುವ ಸರತಿ ನೋಡಿ, ಬೇಡದ್ದನ್ನು ತಡೆದು, ಆಮೇಲೆ ನೆಟ್‌ವರ್ಕ್ ಕೊಡಿ.

ಮುಂದಿನ ಬ್ಯಾಕಪ್ ಯಾಕೆ ಇಷ್ಟು ದೊಡ್ಡದಾಗಿ, ನಿಧಾನವಾಗಿ ಬರುತ್ತಿದೆ?

ಬದಲಾದ ಬ್ಲಾಕ್‌ಗಳ ಹಳೆಯ ಲೆಕ್ಕ ರಿಸ್ಟೋರ್ ಜೊತೆ ಮುಗಿದುಹೋಗಿರುತ್ತದೆ. ಹಾಗಾಗಿ ಇಡೀ ಡಿಸ್ಕ್ ಮತ್ತೆ ಓದಬೇಕು. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಪೂರ್ತಿ ಓದಿದರೂ ತನ್ನ ಬಳಿ ಇಲ್ಲದ ತುಂಡುಗಳನ್ನು ಮಾತ್ರ ಕಳಿಸಿಕೊಳ್ಳುತ್ತದೆ.

ವಿಎಂವೇರ್‌ನ ವಿಸೆಂಟರ್‌ನಲ್ಲಿ ವಿಎಂ ಹೊಸದಾಗಿ ನೋಂದಣಿಯಾದರೆ ಅದರ ಒಳಗಿನ ಗುರುತು ಸಂಖ್ಯೆ ಬದಲಾಗುತ್ತದೆ. ಹೆಸರು ಅದೇ ಇದ್ದರೂ ಬ್ಯಾಕಪ್ ಸಾಫ್ಟ್‌ವೇರ್‌ಗೆ ಅದು ಬೇರೆ ವಿಎಂ ಆಗಿ ಕಾಣಬಹುದು. ಬ್ಯಾಕಪ್ ಕೆಲಸದ ಪಟ್ಟಿಯಲ್ಲಿ ಅದು ಇನ್ನೂ ಇದೆಯಾ, ನೀವು ನಿಲ್ಲಿಸಿದ ಕೆಲಸ ಮತ್ತೆ ಶುರುವಾಗಿದೆಯಾ ಅಂತ ಕಣ್ಣಾರೆ ನೋಡಿ. ರಿಸ್ಟೋರ್ ಆದ ವಿಎಂಗೆ ಅಲ್ಲಿಂದ ಮುಂದೆ ಬ್ಯಾಕಪ್ಪೇ ಇಲ್ಲ ಅನ್ನುವುದು ತಿಂಗಳುಗಟ್ಟಲೆ ಗೊತ್ತಾಗದೆ ಹೋಗಬಹುದು.

ಪಕ್ಕಕ್ಕಿಟ್ಟ ಹಳೆಯ ಡಿಸ್ಕ್ ಯಾವಾಗ ಅಳಿಸಬಹುದು?

ಬಳಸುವವರೆಲ್ಲ ಒಂದು ಸುತ್ತು ಕೆಲಸ ಮಾಡಿ, ಏನೂ ಕಾಣೆಯಾಗಿಲ್ಲ ಅಂದ ಮೇಲೆ. ತಿಂಗಳ ಕೊನೆಗೆ ಮಾತ್ರ ಓಡುವ ವರದಿ ಇದ್ದರೆ ಅದು ಒಮ್ಮೆ ಸರಿಯಾಗಿ ಬರುವ ತನಕ ಇಟ್ಟಿರಿ. ಜೊತೆಗೆ ಹೊಸ ವಿಎಂನ ಒಂದು ಪೂರ್ತಿ ಬ್ಯಾಕಪ್ ಆಗಿರಬೇಕು. ಅಜೂರ್‌ನಲ್ಲಿ ಬದಲಿಸಿದ ಹಳೆಯ ಡಿಸ್ಕ್ ತಾನಾಗಿ ಹೋಗುವುದಿಲ್ಲ, ಅದರ ಬಾಡಿಗೆ ಬಿಲ್‌ಗೆ ಸೇರುತ್ತಲೇ ಇರುತ್ತದೆ. ಅಳಿಸುವ ದಿನಾಂಕವನ್ನು ಡಿಸ್ಕ್‌ನ ಟ್ಯಾಗ್‌ನಲ್ಲೇ ಬರೆದಿಟ್ಟರೆ ಆ ದಿನ ನೀವು ರಜೆಯಲ್ಲಿದ್ದರೂ ಇನ್ನೊಬ್ಬರಿಗೆ ತಿಳಿಯುತ್ತದೆ.